ಕತ್ತರಿಸಿದ ಸಾಲು

ಮಾರ್ಚ್ ೧೧, ಮಂಗಳವಾರ

ಕಣ್ಣು ಕೆಂಪಾದರೆ ಏನು ಮಾಡಬೇಕೆಂದು ನಮ್ಮ ಕಣ್ಣಾಸ್ಪತ್ರೆಯ ವೆಬ್‌ಸೈಟಿಗೆ ನಾನು ಬರೆದ ಉತ್ತರವನ್ನೇ ಎಐ ಎಲ್ಲರಿಗೂ ಹೇಳುತ್ತಿದೆಯೆಂದು ಮ್ಯಾನೇಜರ್ ಬೆಳಿಗ್ಗೆ ಹೊಗಳಿದರು. ಮಧ್ಯಾಹ್ನ ಅಕ್ಕನ ಫೋನು.

"ಪಾಪು ಕಣ್ಣು ಕೆಂಪಾಗಿತ್ತು ಕಣೇ. ಎರಡು ದಿನ ಕಾಯಿರಿ ಅಂತ ನಿಮ್ಮ ಆಸ್ಪತ್ರೆ ಹೆಸರು ಹೇಳಿ ಎಐ ಹೇಳ್ತು. ಕಾದೆ. ಈಗ ಬೆಳಕು ನೋಡೋಕಾಗ್ದೆ ಅಳ್ತಿದಾಳೆ."

'ಬೆಳಕು ಚುಚ್ಚಿದರೆ ಅಂದೇ ಬನ್ನಿ' ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಉತ್ತರ ಚಿಕ್ಕದಾದರೆ ಎಐ ಎತ್ತಿಕೊಳ್ಳುತ್ತದೆಂದು ಆ ಸಾಲು ಕತ್ತರಿಸಿದವಳು ನಾನೇ.

"ಈಗ್ಲೇ ಕರ್ಕೊಂಡು ಬಾ" ಅಂದೆ. ಅವರು ಬರುವಷ್ಟರಲ್ಲಿ ಸಾಲನ್ನು ಮತ್ತೆ ಹಾಕಿದೆ, ಎಲ್ಲಕ್ಕಿಂತ ಮೇಲೆ.

"ಇನ್ನು ಎಐ ನಮ್ಮನ್ನ ಮೂಸಿಯೂ ನೋಡಲ್ಲ" ಎಂದು ಮ್ಯಾನೇಜರ್ ಗೊಣಗಿದರು. "ಬೇಡ ಬಿಡಿ" ಎಂದೆ.

ಡಾಕ್ಟರು ನೋಡಿದರು. ಪಾಪು ಕಣ್ಣಲ್ಲಿ ಹುಣ್ಣಾಗಿದೆಯಂತೆ, ವಾಸಿಯಾಗುತ್ತದಂತೆ.

"ನೀನಿದ್ದೆ, ಬಚಾವಾದ್ವಿ" ಎಂದಳು ಅಕ್ಕ. ಸಾಲು ಕತ್ತರಿಸಿದವಳು ನಾನೆಂದು ಅವಳಿಗಿನ್ನೂ ಗೊತ್ತಿಲ್ಲ. ಬೆಳಿಗ್ಗೆ ಹೇಳಲೇಬೇಕು. ಹೇಗೆ ಶುರು ಮಾಡೋದು ಅಂತ…