ಕುಣಿಕೋಣೂರಿನ ಬಾವಿಯಲ್ಲಿ ಸುಮ್ಮನಿದ್ದ ಯಂತ್ರ

ದರಿಬಡಚಿ,
೨೩ ಮಾರ್ಚ್ ೨೦೦೩, ರವಿವಾರ

ಪ್ರೀತಿಯ ಅಸ್ಲಮ್,

ನೀನೂ ಯಾಸ್ಮಿನ ಭಾಭಿಯೂ ಮಿರಜದಲ್ಲಿ ಆರಾಮಾಗಿದ್ದೀರೆಂದು ತಿಳಿಯುತ್ತೇನೆ. ನಮ್ಮ ಮೈಗೆ ಏನೂ ಆಗಿಲ್ಲ. ಮನಸ್ಸಿನ ಮಾತು ಮುಂದೆ ಬರುತ್ತದೆ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ನಿನ್ನ ರೇಡಿಯೋ ಅಂಗಡಿಯಲ್ಲಿ ಸೇರುವ ಹಳೆ ನಾಣ್ಯದ ಹುಚ್ಚಿನ ನಾಲ್ವರು ಕೂಡಿ ಲೋಹ ಹುಡುಕುವ ಯಂತ್ರ ಕೊಳ್ಳುತ್ತಾರೆ, ನೀನು ನನಗೆ ಕೊಡಿಸಿದಂಥ ಹೆಸರಾದ ಪರದೇಶದ್ದು ಚಲೋನೋ ಪುಣೆಯಲ್ಲಿ ಜೋಡಿಸಿದ ಅಗ್ಗದ್ದು ಸಾಕೋ ಎಂದು ಕೇಳಿದ್ದೀ. ಆರು ವರ್ಷ ಬಳಸಿದವನು ನಾನು, ನನ್ನ ಮಾತೇ ಅವರಿಗೆ ಕೊನೆಯ ಮಾತು ಎಂದೂ ಬರೆದಿದ್ದೀ. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ.

ಯಂತ್ರದ ಗುಣ ಹೇಳುವುದು ಸುಲಭ. ಮಳೆಯಾದ ಮರುದಿನ, ನೇಗಿಲು ಹೊಡೆದ ಹೊಲದಲ್ಲಿ, ಗೇಣು ಆಳದ ತಾಮ್ರದ ದುಡ್ಡನ್ನು ಅದು ಬಿಟ್ಟದ್ದಿಲ್ಲ. ಒಣ ನೆಲದಲ್ಲಿ ಅರ್ಧ ಗೇಣೂ ಕಷ್ಟ. ನಮ್ಮ ಕೆಂಪು ಗರಸು ಮಣ್ಣಿನ ಮೇಲೆ ಏನೂ ಇಲ್ಲದೆಯೂ ಗುಂಯ್‌ಗುಡುತ್ತದೆ. ಇಷ್ಟು ಬರೆದು ಕಾಗದ ಮುಗಿಸಿದ್ದರೆ ನಿನ್ನ ಗೆಳೆಯರು ಸಂತೋಷದಿಂದ ಕೊಳ್ಳುತ್ತಿದ್ದರು. ಆದರೆ ಹೋದ ವಾರ ಒಂದು ಘಟನೆ ಆಯಿತು.

ಕುಣಿಕೋಣೂರಿನ ಸಿದರಾಯ ಬಾವಿ ತೋಡಿಸುತ್ತಿದ್ದಾನೆ. ತಳದಲ್ಲಿ ಬಂಡೆ ಬಂದು ಆರು ಕಡೆ ತೂತು ಕೊರೆದು ಮದ್ದು ತುಂಬಿ ಸಿಡಿಸಿದರು. ಕೇಳಿದ್ದು ಐದೇ ಸಪ್ಪಳ ಎಂದು ಕೆಲವರು, ಎರಡು ಒಟ್ಟಿಗೇ ಸಿಡಿದವು ಎಂದು ಕೆಲವರು. ಸಿಡಿಸುವವನು ಬೇರೆ ಊರಿನ ಕೆಲಸಕ್ಕೆ ಹೋಗಿಬಿಟ್ಟಿದ್ದ. ಕಲ್ಲು ಹೊರುವ ಹೆಣ್ಣುಮಕ್ಕಳು ಇಳಿಯಲು ಒಪ್ಪಲಿಲ್ಲ. ಆಗ ಸಿದರಾಯ ನಾನು ಕಲಿಸುವ ಸಾಲಿಗೇ ಬಂದ. "ಗುರುಗಳ, ಮಣ್ಣಾಗಿನ ರೊಕ್ಕ ಹುಡಕೂ ಮಷೀನಿಗೆ ಒಂದ್ ಕೇಪು ಸಿಗೂದಿಲ್ಲೇನ್ರಿ? ಲಗೂನ ಬರ್ರಿ" ಅಂದ. ಮದ್ದಿಗೆ ಕಿಡಿ ಕೊಡುವ ಆ ಕೇಪು ಬೆರಳುದ್ದದ ಅಲ್ಯುಮಿನಿಯಂ ನಳಿಗೆ. ಸಿಡಿಯದೆ ಉಳಿದಿದ್ದರೆ, ಗುದ್ದಲಿ ತಾಗಿದರೂ ಸಾಕು.

ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ನಮ್ಮ ಹುಚ್ಚಿಗೆ ನಗುತ್ತಿದ್ದ ಊರವರು ದಂಡೆಯ ಮೇಲೆ ನಿಂತು ನೋಡುತ್ತಿದ್ದರಲ್ಲ, ಅದು ನನಗೆ ಹಿತವಾಗಿತ್ತು. ಹದಿನೈದನೆಯ ತಾರೀಖು ಶನಿವಾರ ಮಧ್ಯಾಹ್ನ ಹಗ್ಗ ಹಿಡಿದು ಇಳಿದೆ. ತಳವನ್ನೆಲ್ಲ ಎರಡು ಸಲ ಸವರಿದೆ. ಯಂತ್ರ ಸುಮ್ಮನಿತ್ತು. ಮೇಲೆ ಬಂದು, ಏನೂ ಇಲ್ಲ, ನಾಳೆ ಧೈರ್ಯವಾಗಿ ಇಳಿಯಿರಿ ಎಂದು ಹೇಳಿದೆ. ಕಲ್ಲು ಹೊರುವವರಲ್ಲಿ ಹಿರಿಯಳಾದ ಮುಕ್ತಾಬಾಯಿ, "ನೀವ ಹೇಳಿದ ಮ್ಯಾಲ ಆತ್ ಬಿಡ್ರಿ" ಅಂದಳು.

ಮರುದಿನ ರವಿವಾರ ಮುಂಜಾನೆ ಚಹಾ ಕುಡಿಯುತ್ತ ಪಂಚಶೀಲಾಳ ಮುಂದೆ ಇದನ್ನೇ ಕೊಚ್ಚಿಕೊಳ್ಳುತ್ತಿದ್ದೆ. ನನ್ನ ಹೆಂಡತಿಯ ಸ್ವಭಾವ ನಿನಗೆ ಗೊತ್ತು. ಕೇಪು ಎಷ್ಟು ದೊಡ್ಡದು, ಯಾವುದರದು ಎಂದು ಕೇಳಿದಳು. ಒಳಗೆ ಹೋಗಿ ಅಲ್ಯುಮಿನಿಯಂ ಚಮಚದ ಮುರಿದ ಹಿಡಿ ತಂದು ಚಾಪೆಯ ಕೆಳಗಿಟ್ಟು, "ಹಿಡೀರಿ ನೋಡೂಣು" ಅಂದಳು. ಹಿಡಿದೆ. ಸಪ್ಪಳವಿಲ್ಲ. ಇನ್ನೊಮ್ಮೆ ಹಿಡಿದೆ. ಇಲ್ಲ. "ಇದನ್ನ ನಿನ್ನಿನ ಯಾಕ ನೋಡಲಿಲ್ರಿ?" ಎಂದಳು. ಯಂತ್ರದ ಗುಂಡಿಗಳನ್ನು ನೋಡಿದೆ.

ಆ ಬಲಗಡೆಯ ಗುಂಡಿ ನೆನಪಿದೆಯೇ, ಅಸ್ಲಮ್? ಗುಟ್ಕಾ ಚೀಟಿಯ ಬೆಳ್ಳಿ ಹಾಳೆಗೆಲ್ಲ ಯಂತ್ರ ಕೂಗುತ್ತದೆಂದು ಬೇಸತ್ತು ನಾನು ಅದನ್ನು ಬಲಕ್ಕೆ ತಿರುಗಿಸಿಟ್ಟಿದ್ದೆ. ಹಾಗೆ ತಿರುಗಿಸಿದರೆ ಹಗುರ ಅಲ್ಯುಮಿನಿಯಂ ಎಲ್ಲವನ್ನೂ ಅದು ಕೇಳಿಸಿಕೊಳ್ಳುವುದಿಲ್ಲ ಎಂದು ನೀನು ಎಷ್ಟು ಸಲ ಹೇಳಿದ್ದೆ. ಬಾವಿಗೆ ಇಳಿದಾಗಲೂ ಗುಂಡಿ ಹಾಗೆಯೇ ಇತ್ತು.

ಸೈಕಲ್ ಹೇಗೆ ತುಳಿದೆನೋ ತಿಳಿಯದು. ದಾರಿಯುದ್ದಕ್ಕೂ ಎಲ್ಲಿ ಸಪ್ಪಳ ಕೇಳಿಸುತ್ತದೋ ಎಂದು ಕಿವಿ ಅತ್ತಲೇ ಇತ್ತು. ಯಾರೋ ಕಲ್ಲು ಲಾರಿಗೆ ಸುರಿದ ಸದ್ದಿಗೆ ಕೆಳಗೆ ಬಿದ್ದೆ, ಮತ್ತೆ ಹತ್ತಿದೆ. ದಂಡೆಗೆ ಬಂದಾಗ ಐದು ಜನ ಹೆಣ್ಣುಮಕ್ಕಳು ತಳದಲ್ಲಿದ್ದರು. "ಗುದ್ದಲಿ ಅಲ್ಲೇ ಬಿಟ್ಟು ಮ್ಯಾಲ ಬರ್ರಿ! ಯಾರೂ ಏನೂ ಮುಟ್ಟಬ್ಯಾಡ್ರಿ!" ಎಂದು ಚೀರಿದೆ. ಒಬ್ಬೊಬ್ಬರೇ ಏರಿ ಬಂದರು. ಮುಕ್ತಾಬಾಯಿ ಕೊನೆಗೆ ಬಂದಳು.

ಸಿದರಾಯ ಸಿಟ್ಟಾದ. "ನಿನ್ನಿ ಏನಿಲ್ಲ ಅಂದ್ರಿ. ಇವತ್ತ ಏನಾತ್ರಿ?"

ಇಲ್ಲಿಯೇ ನನ್ನ ಪೆನ್ನು ಎರಡು ಸಲ ನಿಂತದ್ದು. ನಾನು ಅವನಿಗೆ, "ಮಷೀನ್ ದಗಾ ಕೊಟ್ಟೈತಿ" ಅಂದೆ. ಗುಂಪಿನಲ್ಲಿದ್ದ ಬೀರದೇವ ಎಂಬ ಹುಡುಗ, "ಜತ್ತದಾಗಿದ್ದ ಅಸ್ಲಮ್ ಮಿಸ್ತ್ರಿ ಕೊಡಸಿದ್ದಲ್ಲೇನ್ರಿ ಇದು?" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಅಷ್ಟೇ. ಈಗ ಜತ್ತದ ಬಜಾರದವರೆಗೂ ನೀನು ಕೆಟ್ಟ ಯಂತ್ರ ಕೊಡಿಸಿದೆ ಎಂಬ ಮಾತು ಮುಟ್ಟಿದೆ. ನಿನ್ನ ಅಣ್ಣ ಅಶಪಾಕ ಬಸ್ ಸ್ಟ್ಯಾಂಡಿನಲ್ಲಿ ಎದುರಾದಾಗ ನನ್ನೊಡನೆ ಮಾತಾಡಲಿಲ್ಲ.

ಮರುದಿನ ಸೋಮವಾರ ಸಿಡಿಸುವವನನ್ನು ಹುಡುಕಿ ಕರೆತಂದರು. ಮೂಡಣ ಗೋಡೆಯ ಬುಡದಲ್ಲಿ, ಕಲ್ಲುಚೂರಿನ ಕೆಳಗೆ ಮೊಳದಷ್ಟು ಆಳದಲ್ಲಿ, ಆರನೆಯ ತೂತು ಮದ್ದಿನ ಸಮೇತ ಹಾಗೆಯೇ ಇತ್ತು. ಎಲ್ಲರನ್ನೂ ದೂರ ಕಳಿಸಿ ಅದನ್ನು ಸಿಡಿಸಿದ. ಮುಕ್ತಾಬಾಯಿ ರವಿವಾರ ಅಗೆಯುತ್ತಿದ್ದ ಜಾಗದಿಂದ ಅದು ಎರಡು ಹೆಜ್ಜೆ.

ಗುಂಡಿ ಸರಿಯಾಗಿದ್ದರೂ ಅಷ್ಟು ಆಳದಲ್ಲಿ ಅದು ಸಿಗುತ್ತಿತ್ತೇ? ನನಗೆ ಗೊತ್ತಿಲ್ಲ. ಈ ಎಂಟು ದಿನ ಅದನ್ನೇ ಯೋಚಿಸಿದ್ದೇನೆ. ನಿನ್ನ ಗೆಳೆಯರಿಗೆ ಹೀಗೆ ಹೇಳು: ಯಂತ್ರ ಕೂಗಿದರೆ ಅಗೆದು ನೋಡಬಹುದು. ಸುಮ್ಮನಿದ್ದರೆ, ಅಲ್ಲಿ ಏನೂ ಇಲ್ಲವೆಂದು ಯಾರಿಗೂ ಮಾತು ಕೊಡಬಾರದು. ಯಾವ ದೇಶದ್ದಾದರೂ ಅಷ್ಟೇ. ನಾಣ್ಯ ಹುಡುಕಲು ಎರಡೂ ನಡೆಯುತ್ತವೆ.

ನಿನ್ನ ಹೆಸರಿಗೆ ಮಸಿ ಬಳಿದವನು ನಾನು. ಕುಣಿಕೋಣೂರಿಗೆ ಹೋಗಿ ನಿಜ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಬೈದಾದರೂ ಒಂದು ಕಾಗದ ಬರೆ.

ನಿನ್ನವನೇ,
ಪಂಡಿತ

ತಾ.ಕ.: ೨೪ ಮಾರ್ಚ್, ಸೋಮವಾರ ಸಂಜೆ. ಪಾಕೀಟು ಅಂಟಿಸುವ ಮೊದಲೇ ಬೀರದೇವ ಬಂದ. ಅವನ ಕಾಕಾನ ಬಾವಿಯಲ್ಲೂ ಸಿಡಿಸಿದ್ದಾರಂತೆ. "ಮಷೀನ್ ರಿಪೇರಿ ಆಗಿದ್ರ ತಗೊಂಡ್ ಬರ್ರಿ" ಅಂದ. ಯಂತ್ರವನ್ನು ಮನೆಯಲ್ಲೇ ಬಿಟ್ಟು ಅವನೊಡನೆ ಹೋದೆ. ಸಿದರಾಯನ ಬಾವಿಯ ದಂಡೆಯಲ್ಲಿ ನಿಂತು, ಯಂತ್ರ ಕೆಟ್ಟಿರಲಿಲ್ಲ, ಅಸ್ಲಮನ ತಪ್ಪೂ ಇಲ್ಲ, ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿದೆ. ಸಿದರಾಯ ಮುಖ ತಿರುಗಿಸಿದ. ಮುಕ್ತಾಬಾಯಿ ಮಾತ್ರ ಬುಟ್ಟಿ ಇಳಿಸಿ ಕೇಳಿದಳು: "ಬಾವ್ಯಾಗ ಇಳದಾವ್ರು ನಾವು. ನಮಗ ಹೇಳಾಕ ಎಂಟು ದಿನ ಯಾಕ ಬೇಕಾತ್ರಿ ಗುರುಗಳ?" ಅವಳು ಉತ್ತರಕ್ಕೆ ಕಾಯುತ್ತಿದ್ದಂತೆಯೇ ನಾನು ಸೈಕಲ್ ಹತ್ತಿ ಬಂದುಬಿಟ್ಟೆ.