ಬೀಳದ ಲೋಲಾಕು

ನೆಲ್ಲಿಹಟ್ಟಿ, ವೆಲ್ಲಿಂಗ್ಟನ್ ಅಂಚೆ
೧೦ ಮೇ ೧೯೩೪, ಗುರುವಾರ

ಪ್ರೀತಿಯ ಮಗ ಭೋಜನಿಗೆ, ನಿನ್ನಪ್ಪ ನಂಜ ತಲೆ ಮುಟ್ಟಿ ಹರಸಿ ಬರೆಯುವುದು. ಈ ಒಂದು ಸಾಲು ಬರೆಯುವಾಗಲೇ ಕೈ ತಡೆಯಿತು. ಏಕೆಂದು ಮುಂದೆ ನಿನಗೇ ತಿಳಿಯುತ್ತದೆ.

ನಿನ್ನ ಕೆಮ್ಮು ಹೇಗಿದೆ? ಮರದ ಮಿಲ್ಲಿನ ಧೂಳು ಎದೆಗೆ ಆಗುವುದಿಲ್ಲವೆಂದು ಹೋದ ಕಾಗದದಲ್ಲಿ ಬರೆದಿದ್ದೆ; ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ನೀನು ಬರೆಯಲೇ ಇಲ್ಲ. ರಂಗೂನಿನ ಸೆಕೆಯಲ್ಲಿ ಕಂಬಳಿ ಏತಕ್ಕೆ ಎಂದು ನಾನು ಎಷ್ಟು ಹೇಳಿದರೂ ನಿನ್ನವ್ವ ಪೊನ್ನಮ್ಮ ಕೇಳದೆ ಕಳಿಸಿದಳು. ಹೊದೆಯದಿದ್ದರೂ ಹೊದೆದೆ ಎಂದು ಒಂದು ಮಾತು ಬರೆದುಬಿಡು. ಇಲ್ಲಿ ಎಮ್ಮೆ ಈದಿದೆ, ಹೆಣ್ಣುಗರು. ಆಲೂಗಡ್ಡೆಗೆ ಮಳೆ ಸಾಲದು. ನನ್ನ ಮಂಡಿನೋವು ಬಂಗಲೆಯ ಮೆಟ್ಟಿಲು ಹತ್ತುವಾಗ ಮಾತ್ರ. ಹೂಪಾತಿಯಲ್ಲಿ ಕೂತರೆ ಅದರ ನೆನಪೂ ಇರುವುದಿಲ್ಲ.

ಈಗ ನಿನ್ನ ಮಗಳು ರಾಜಾಮಣಿಯ ವಿಷಯ. ಹೆದರಬೇಡ, ಮೈ ಚೆನ್ನಾಗಿದೆ. ಅವಳ ತಾಯಿ ಹೆರಿಗೆಯಲ್ಲಿ ಹೋದ ಮೇಲೆ ನರ್ಸು ಕೆಲಸ ಕಲಿಯಬೇಕೆಂಬುದೊಂದೇ ಅವಳ ಹಟ. ಮದುವೆಗೆ ಕೇಳಿಕೊಂಡು ಬಂದವರಿಗೆಲ್ಲ ನಾನೇ ಏನಾದರೊಂದು ನೆಪ ಹೇಳಿ ಕಳಿಸುತ್ತಿದ್ದೆ. ಆದರೆ ಮದರಾಸಿನ ಆ ಶಾಲೆಯಲ್ಲಿ ಜಾಗ ಸಿಗಬೇಕಾದರೆ ದೊಡ್ಡವರ ಒಂದು ಮಾತು ಬೇಕು. ಹೂತೋಟದ ಮಾಲಿಯ ಮಾತು ಅಲ್ಲಿಗೆ ಮುಟ್ಟುತ್ತದೆಯೇ? ಹೀಗಿರುವಾಗ ಹೋದ ತಿಂಗಳು ನಮ್ಮ ಬಂಗಲೆಯ ದೊರೆಸಾನಿಗೂ ಅವರ ಗೆಳತಿ ಕರ್ನಲ್ ದೊರೆಸಾನಿಗೂ ವರಾಂಡದಲ್ಲಿ ವಾದ ಹತ್ತಿತು. ನಾನು ಕೆಳಗೆ ಗುಲಾಬಿ ಸವರುತ್ತಿದ್ದೆ. ಒಳ್ಳೆಯ ಬಟ್ಟೆ ಉಡಿಸಿ ಸುಮ್ಮನೆ ಕೂರಿಸಿದರೆ ಯಾವ ಹುಡುಗಿಯೂ ದೊಡ್ಡಮನೆಯ ಹೆಣ್ಣೇ ಎಂದು ನಮ್ಮವರು. ರೇಷ್ಮೆ ಉಟ್ಟ ಮಾತ್ರಕ್ಕೆ ಹುಟ್ಟು ಬದಲಾಗುತ್ತದೆಯೇ, ಒಂದು ಲೋಟ ಚಹಾ ಮುಗಿಯುವುದರೊಳಗೆ ಬಯಲಾಗುತ್ತದೆ ಎಂದು ಅವರು. ಮಾತು ಬೆಳೆದು ಪಂದ್ಯವಾಯಿತು. ಬೆಟ್ಟದ ಒಬ್ಬ ಹುಡುಗಿಯನ್ನು ಮೈಸೂರು ಕಡೆಯ ಜಾಗೀರುದಾರನ ಮಗಳೆಂದು ಒಂದು ಚಹಾಕೂಟದಲ್ಲಿ, ಆಮೇಲೆ ಒಂದು ತೋಟದ ಕೂಟದಲ್ಲಿ ಕೂರಿಸಬೇಕು. ಮದರಾಸಿನಿಂದ ಬಂದ ಅತಿಥಿಗಳಿಗೆ ಎರಡು ಸಲವೂ ಗುಟ್ಟು ತಿಳಿಯಬಾರದು. ತಿಳಿದರೆ ನಮ್ಮ ದೊರೆಸಾನಿ ತಮ್ಮ ಕಂದು ಕುದುರೆ ಕೊಡಬೇಕು. ತಿಳಿಯದಿದ್ದರೆ ಕರ್ನಲ್ ದೊರೆಸಾನಿ ನಮ್ಮವರು ಕೇಳಿದ್ದನ್ನು ನಡೆಸಿಕೊಡಬೇಕು. ಆ ನರ್ಸು ಶಾಲೆಯ ಕಮಿಟಿಯಲ್ಲಿ ಇರುವವರು ಇದೇ ಕರ್ನಲ್ ದೊರೆಸಾನಿ, ಭೋಜಾ! ಯಾರೂ ನನ್ನನ್ನು ಕೇಳಲಿಲ್ಲ. ನಾನೇ ಕತ್ತರಿ ಕೆಳಗಿಟ್ಟು, ಮುಂಡಾಸು ತೆಗೆದು, “ನನಗೊಬ್ಬ ಮೊಮ್ಮಗಳಿದ್ದಾಳೆ, ಗೆದ್ದರೆ ಅವಳಿಗೆ ಆ ಶಾಲೆ ಕೇಳಿಕೊಡಿ” ಎಂದು ಮುಂದೆ ಹೋಗಿ ನಿಂತೆ. ಪೇಟೆಯಲ್ಲಿ ಕರುವಿನ ಹಲ್ಲು ತೋರಿಸುವವನ ಹಾಗೆ ಅವಳ ಗುಣಗಾನವನ್ನೂ ಮಾಡಿದೆ.

ಹುಡುಗಿಯನ್ನು ಬಂಗಲೆಯಲ್ಲೇ ಇಟ್ಟುಕೊಂಡು ನಡೆಯುವುದು, ಕೂರುವುದು, ಚಮಚ ಹಿಡಿಯುವುದು ಎಲ್ಲ ಕಲಿಸಿದರು. ಆ ದಿನಗಳಲ್ಲಿ ನಾನು ಅವಳ ಕಣ್ಣಿಗೆ ಬೀಳಬಾರದೆಂದು ಅಪ್ಪಣೆಯಾಗಿತ್ತು. ಚಹಾಕೂಟದ ದಿನ ನೇರಳೆ ರೇಷ್ಮೆ, ಕಾಲಿಗೆ ಬೂಟು, ದೊರೆಸಾನಿಯದೇ ಮುತ್ತಿನ ಲೋಲಾಕು. ಬೆಟ್ಟದವಳೆಂದು ತೋರಿಸಿಕೊಡುವ ಹಣೆಯ ಹಚ್ಚೆ ಕಾಣದ ಹಾಗೆ ಪೌಡರು. ಜಾಗೀರುದಾರರ ಹೆಣ್ಣುಮಕ್ಕಳು ಹೆಚ್ಚು ಮಾತಾಡುವುದಿಲ್ಲವೆಂದು ಮೊದಲೇ ಹೇಳಿಟ್ಟಿದ್ದರಿಂದ ನಗುತ್ತ ಕೂತಿದ್ದಳಂತೆ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆಗ ಮೇಜಿನ ಹೂವು ಬಾಡಿದೆ ಎಂದು ಬಟ್ಲರ್ ಚಂದ್ರನ್ ಬಂದು ನನ್ನನ್ನು ಕರೆದ. ಬೇರೆ ಯಾರ ಕೈಯಲ್ಲಾದರೂ ಹೂವು ಕಳಿಸಬಹುದಿತ್ತು. ನಾನೇ ಹೋದೆ. ರೇಷ್ಮೆಯಲ್ಲಿ ಅವಳನ್ನು ನೋಡುವ ಆಸೆ ನನಗೆ.

ನೀನು ಎಷ್ಟು ವರ್ಷ ದೂರವಿದ್ದರೂ ಇದನ್ನು ಮರೆತಿರಲಾರೆ: ನಮ್ಮಲ್ಲಿ ಹಿರಿಯರು ಎದುರಾದರೆ ಚಿಕ್ಕವರ ತಲೆ ತಾನಾಗಿ ಬಾಗುತ್ತದೆ, ಹಿರಿಯರ ಕೈ ತಾನಾಗಿ ಅದರ ಮೇಲೆ ಬೀಳುತ್ತದೆ. ಬಾಗಿದ ತಲೆಯನ್ನು ಮುಟ್ಟದೆ ಬಿಡುವುದು ಹಟ್ಟಿಯಿಂದ ಹೊರಗೆ ಹಾಕಿದವರದನ್ನು ಮಾತ್ರ. ನನ್ನನ್ನು ಕಂಡದ್ದೇ ರಾಜಾಮಣಿ ಕುರ್ಚಿಯಿಂದ ಎದ್ದಳು. ಎರಡು ಹೆಜ್ಜೆ ಮುಂದೆ ಬಂದು ನನ್ನೆದುರು ತಲೆ ಬಾಗಿಸಿದಳು. ಯೋಚಿಸಿ ಮಾಡಿದ್ದಲ್ಲ, ಮೈಯೇ ಮಾಡಿದ್ದು. ಅತಿಥಿಗಳೆಲ್ಲ ನಮ್ಮ ಕಡೆ ತಿರುಗಿದರು. ನನ್ನ ಕೈ ಅರ್ಧಕ್ಕೆ ಎದ್ದಿತ್ತು, ಮಗನೇ. ಆ ಕೈಯನ್ನು ನಾನು ಹಿಂದಕ್ಕೆ ಎಳೆದುಕೊಂಡೆ. “ಏನು ಬಿತ್ತು ಅಮ್ಮಣಿ? ಲೋಲಾಕೇ? ಇರಿ, ನಾನು ಹುಡುಕುತ್ತೇನೆ” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ, ಅವಳ ಕಾಲ ಬುಡದಲ್ಲಿ ಕೂತು ರತ್ನಗಂಬಳಿ ತಡವತೊಡಗಿದೆ. ನಮ್ಮ ದೊರೆಸಾನಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಮದರಾಸಿನ ಒಬ್ಬ ದೊರೆಯಂತೂ ಕನ್ನಡಕ ಹಾಕಿಕೊಂಡು ಸೋಫಾದ ಕೆಳಗೇ ನುಗ್ಗಿದರು. ಅಷ್ಟು ಹೊತ್ತೂ ಹುಡುಗಿ ಬಾಗಿದ ತಲೆ ಎತ್ತದೆ ನಿಂತಿದ್ದಳು, ಕೈ ಬೀಳುತ್ತದೆ ಎಂದು ಕಾದಂತೆ. ಕೊನೆಗೆ ತಾನೇ ಕಿವಿಯಿಂದ ಒಂದು ಲೋಲಾಕು ಬಿಚ್ಚಿ, ಯಾರಿಗೂ ಕಾಣದ ಹಾಗೆ ನನ್ನ ಅಂಗೈಯಲ್ಲಿ ಇಟ್ಟಳು. “ಸಿಕ್ಕಿತು!” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿದ್ದದ್ದನ್ನು ಹುಡುಕಲು ಆಳನ್ನು ಕರೆಯದೆ ತಾನೇ ಬಾಗುವುದು ನಿಜವಾದ ದೊಡ್ಡಮನೆಯ ಗುಣ ಎಂದು ಒಬ್ಬ ಮುದಿ ದೊರೆಸಾನಿ ಹೇಳಿದರಂತೆ. ಚಂದ್ರನ್ ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ನಗಲಿಲ್ಲವೆಂದು ಸುಳ್ಳು ಬರೆಯಲಾರೆ.

ಆಮೇಲೆ ಅವಳನ್ನು ಹಟ್ಟಿಗೆ ಕಳಿಸಿದರು. ನಾನು ಹೊಸಿಲಲ್ಲೇ ಕಾದು ನಿಂತಿದ್ದೆ. ತಲೆ ನೆಟ್ಟಗೆ ಇಟ್ಟುಕೊಂಡು ನನ್ನ ಪಕ್ಕದಲ್ಲೇ ಒಳಗೆ ಹೋದಳು. ಬೆಳಿಗ್ಗೆಯೂ ಹಾಗೆಯೇ. ನಿನ್ನವ್ವ ವಿಷಯ ಕೇಳಿ ಗಂಜಿಯ ಬಟ್ಟಲನ್ನು ನನ್ನ ಮುಂದೆ ಕುಕ್ಕಿ, “ಮುದ್ಕಾ, ಅವಳು ಅಮ್ಮಣಿ ಆದ್ಳೋ ಇಲ್ಲ್ಯೋ ನಾ ಕಾಣೆ. ನೀ ಮಾತ್ರ ಮಾಲಿ ಆದೆ, ಹೆತ್ತಪ್ಪ ಆಗ್ಲಿಲ್ಲೆ” ಅಂದಳು. ಅಜ್ಜನಾದ ನನಗೆ ಆ ಮಾತು ನಾಟಿತು. ಶಾಲೆಗಾಗಿ ಮಾಡಿದೆ ಎಂದು ನಾನು ಹುಡುಗಿಗೆ ಬಿಡಿಸಿ ಹೇಳಿದೆ. ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ, ಅದೇ ನನಗೆ ಹೆಚ್ಚು ಸಂಕಟ. “ಶನಿವಾರ ತೋಟದ ಕೂಟದಲ್ಲಿ ನೀ ಎದುರು ಬಂದ್ರೆ ನಾ ಮತ್ತೆ ತಲೆ ಬಾಗ್ಸುವೆ, ಹೆತ್ತಪ್ಪಾ. ಕೈ ಮಡುಗುವಿಯೋ ಇಲ್ಲ್ಯೋ, ನಿನ್ನ ಇಷ್ಟ” ಅಂದಳು. ಶಾಲೆ ಬೇಡವೇ ಎಂದು ಕೇಳಿದೆ. “ಬೇಕು” ಎಂದಳು.

ನಾನು ಅಂದು ಜ್ವರವೆಂದು ಮಲಗಿಬಿಡಬಹುದು. ಎದುರಿಗೆ ಹೋಗದಿದ್ದರೆ ಪಂದ್ಯವೂ ಉಳಿಯುತ್ತದೆ, ಶಾಲೆಯೂ ಸಿಗುತ್ತದೆ. ಆದರೆ ಮಲಗಿದ್ದು ಏಕೆಂದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ನಿನ್ನ ಸಮುದ್ರ ದಾಟಿ ಉತ್ತರ ಬರುವಷ್ಟು ಹೊತ್ತಿಲ್ಲ. ಆದರೂ ನಿನ್ನನ್ನು ಕೇಳದೆ ಇರಲಾರೆ, ನೀನು ಅವಳ ಅಪ್ಪ.

ನಿನ್ನವ್ವನ ಆಶೀರ್ವಾದ ನಿನ್ನ ಮೇಲಿರಲಿ, ನನ್ನದೂ ಒಪ್ಪಿದರೆ ತಗೋ. ಪಕ್ಕದ ಮನೆಯ ರಂಗನಾಥನ್ ನಿನ್ನನ್ನು ಕೇಳಿದ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು.

ನಿನ್ನ ಅಪ್ಪ,
ನಂಜ

ಮರೆತ ಮಾತಲ್ಲ, ತಡೆದ ಮಾತು — ಶನಿವಾರ ಸಂಜೆ. ಈ ಕಾಗದವನ್ನು ಅಂಚೆಗೆ ಹಾಕಲು ಮನಸ್ಸಾಗದೆ ಜೇಬಿನಲ್ಲೇ ಇಟ್ಟುಕೊಂಡು ಕೂಟಕ್ಕೆ ಹೋದೆ. ಹುಲ್ಲುಹಾಸಿನ ನಡುವೆ, ಎಲ್ಲರ ಎದುರು, ಅವಳು ಬಾಗಿದಳು. ನಾನು ಕೈ ಇಟ್ಟೆ. ಒಂದು ಸಾವಿರವಾಗಲಿ, ಬದುಕಿ ಬಾ ಎಂದು ನಮ್ಮ ಮಾತಿನಲ್ಲೇ ದೊಡ್ಡದಾಗಿ ಹರಸಿದೆ. ಪೌಡರು ನನ್ನ ಕೈಗೆ ಬಂತು, ಹಚ್ಚೆ ಹೊರಗೆ ಬಂತು. ಕಂದು ಕುದುರೆ ಕರ್ನಲ್ ದೊರೆಸಾನಿಯ ಮನೆಗೆ ಹೋಯಿತು, ಶಾಲೆಯೂ ಹೋಯಿತು. ಬೂಟು ಕೈಯಲ್ಲಿ ಹಿಡಿದು ನನ್ನ ಜೊತೆ ನಡೆದು ಬಂದಳು, ದಾರಿಯಲ್ಲಿ ನನ್ನ ಮುಂಡಾಸು ಸರಿಮಾಡಿದಳು. ಕೈ ಎಳೆದುಕೊಂಡ ದಿನ ಅವಳು ಅಳಲಿಲ್ಲ, ಭೋಜಾ. ಇವತ್ತು ಎಮ್ಮೆಕರುವಿನ ಹತ್ತಿರ ಕೂತು ಅಳುತ್ತಿದ್ದಾಳೆ, ಇಲ್ಲಿಗೆ ಕೇಳಿಸುತ್ತಿದೆ. ರಂಗೂನಿನಲ್ಲಿ ನರ್ಸು ಕೆಲಸ ಕಲಿಸುವ ಆಸ್ಪತ್ರೆ ಇದೆಯೇ, ಕಾಗದ ಸಿಕ್ಕ ದಿನವೇ ವಿಚಾರಿಸು. ಬೈಯುವುದನ್ನೆಲ್ಲ ನನ್ನ ಹೆಸರಿಗೆ ಬರೆ, ಅವಳಿಗೆ ಬರೆಯಬೇಡ.