ಅಕ್ಷರ ನಡುಗದಿರಲೆಂದು

ಶಿವಮೊಗ್ಗ
೧೪ ಜೂನ್ ೨೦೨೫

ಚಿ. ಸೌ. ಜಗದಾಂಬಾಳಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ಆಶೀರ್ವದಿಸುವ ಅರ್ಹತೆ ನನಗೆ ಉಳಿದಿದೆಯೇ ಎಂಬುದನ್ನು ಓದಿ ಮುಗಿಸಿದ ಮೇಲೆ ನೀನೇ ನಿರ್ಧರಿಸು.

ಹೋದ ವರ್ಷ ನೀನು ಕೊಟ್ಟ ಮೂತ್ರಪಿಂಡ ಸೋಲುತ್ತಿದೆಯೆಂದು ಗುರುವಾರ ವೈದ್ಯರು ಹೇಳಿದಾಗ ನೀನು ನನ್ನ ಪಕ್ಕದಲ್ಲೇ ಇದ್ದೆ. “ಮಾತ್ರೆ ತಪ್ಪಿಸ್ತಿಲ್ಲ ತಾನೇ, ಮೇಡಂ?” ಎಂದು ಅವರು ಕೇಳಿದರು. ಮೂವತ್ತನಾಲ್ಕು ವರ್ಷ ಮಗ್ಗಿ ಹೇಳಿಕೊಟ್ಟವಳಿಗೆ ಎರಡು ಮಾತ್ರೆ ಎಣಿಸಲು ಬಾರದೇ ಎಂದು ನಾನು ಗದರಿದೆ. ಪಾಪ, ಅವರು ನಾಲಿಗೆ ಕಚ್ಚಿಕೊಂಡು, ಪಡೆದವರಿಗೆ ಅರವತ್ತೆಂಟು, ಕೊಟ್ಟವರಿಗೆ ಅರವತ್ತು, ವಯಸ್ಸಾದ ಅಂಗ ಕೆಲವೊಮ್ಮೆ ಹೀಗೆ ಸೋಲುವುದುಂಟು ಎಂದರು. ನಿನ್ನ ಮುಖ ಬಾಡಿದ್ದನ್ನು ಕಂಡೂ ಔಷಧಿ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಭದ್ರಾವತಿಯ ಬಸ್ಸು ಹತ್ತುವ ಮುನ್ನ ನೀನು, “ಹಳೇ ಸಾಮಾನು ಕೊಟ್ಬಿಟ್ನಲ್ಲೇ ಅಕ್ಕಾ, ಕ್ಷಮಿಸ್ಬಿಡೇ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆಗ ನಾನು ಹೇಳಿದ್ದೇನು? “ಸಾಮಾನಲ್ಲ ಜಗದಾ, ಅಂಗ ಎನ್ನಬೇಕು.” ನೀನು ತಲೆಯಾಡಿಸಿ ಬಸ್ಸು ಹತ್ತಿದೆ.

ನಿನ್ನ ಅಂಗದಲ್ಲಿ ದೋಷವಿರಲಿಲ್ಲ. ಅದನ್ನು ನನ್ನ ದೇಹ ತಿರಸ್ಕರಿಸದಿರಲೆಂದು ಕೊಟ್ಟ ಮಾತ್ರೆಯಿಂದ ಬಲಗೈ ನಡುಗುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿ, ಈಗ ನಮ್ಮ ಶಾಲೆಯ ಮುಖ್ಯೋಪಾಧ್ಯಾಯನಾಗಿರುವ ನಿರಂಜನ, ನಿವೃತ್ತರಾಗುವವರೊಬ್ಬರಿಗೆ ಅರ್ಪಿಸಲು ನನ್ನಿಂದ ಬಿನ್ನವತ್ತಳೆ ಬರೆಸಿದ್ದ. ಅದನ್ನು ಬಿಡಿಸಿ ನೋಡಿ, “ಏನ್ ಟೀಚರ್, ಕಾಗೆಕಾಲು ಗುಬ್ಬಿಕಾಲು! ನಾವಾಗಿದ್ರೆ ಬೆತ್ತದೇಟು ಬೀಳ್ತಿತ್ತು” ಎಂದು ನಕ್ಕ. ನಾನೂ ನಕ್ಕೆ. ಬೇರೆ ಬರೆದುಕೊಡುವೆನೆಂದು ಆ ಹಾಳೆಯನ್ನು ಮನೆಗೆ ತಂದು ಹರಿದೆ. ಅಂದಿನಿಂದ ಹೊತ್ತಿಗೆ ಎರಡರ ಬದಲು ಒಂದೇ ಮಾತ್ರೆ ನುಂಗಿದೆ. ಕೆಲವು ದಿನ ಹೀಗೆ ಮಾಡಿದೆ. ಒತ್ತಕ್ಷರಗಳು ಮತ್ತೆ ದುಂಡಗಾದವು. ಸಮಾರಂಭದಲ್ಲಿ ಎಲ್ಲರೂ ಹೊಗಳಿದರು, ನಾನು ಹಿಗ್ಗಿದೆ.

ನೀನು ಹೊಟ್ಟೆ ಕೊಯ್ಯಿಸಿಕೊಂಡು ಕೊಟ್ಟದ್ದನ್ನು ಆ ಹೊಗಳಿಕೆಗಾಗಿ ಕೆಡಿಸಿದೆ. ನಿಮ್ಮ ಕಾಗದನಗರದಲ್ಲಿ ಯಾರಾದರೂ ನಿನ್ನ ಮೂತ್ರಪಿಂಡ ಹಳೆಯದೆಂದು ಮಾತೆತ್ತಿದರೆ, ಸಂಕೋಚಪಡದೆ ಈ ಪತ್ರವನ್ನು ಗಟ್ಟಿಯಾಗಿ ಓದಿ ಹೇಳು.

ನಾಚಿಕೆಯಿಂದ ತಲೆತಗ್ಗಿಸಿರುವ,
ನಿನ್ನ ಅಕ್ಕ
ಶಂಕರಮ್ಮ

ತಾ.ಕ.: ಮೇಲೆ ‘ಕೆಲವು ದಿನ’ ಎಂದು ಬರೆದಿರುವುದು ತಪ್ಪು. ಐದು ತಿಂಗಳು; ಸಮಾರಂಭ ಮುಗಿದ ಮೇಲೂ ಅಕ್ಷರ ಕೆಡಬಾರದೆಂದು ಹಾಗೇ ನಡೆಸಿದೆ. ರಕ್ತಪರೀಕ್ಷೆಗೆ ಮುಂಚಿನ ಮೂರು ದಿನ ಮಾತ್ರ ಎರಡೆರಡು ನುಂಗುತ್ತಿದ್ದೆ, ಸಿಕ್ಕಿಬೀಳಬಾರದೆಂದು. ವೈದ್ಯರಿಗೆ ಇನ್ನೂ ತಿಳಿಸಿಲ್ಲ. ಸೋಮವಾರ ಬೆಳಗ್ಗೆ ಬಾ. ಅವರೆದುರು ನನ್ನ ಬಾಯಿಂದಲೇ ಹೇಳಿಸು.